ಲಾ ಓದಬೇಕು ಅಂತ ಬಂದವರು

ನಾನು ವಕೀಲೆಯಲ್ಲ. ಕಾನೂನು ಕಾಲೇಜಿನ ಮೆಟ್ಟಿಲು ಹತ್ತಿದ್ದು ನಾಲ್ಕೈದು ಸಲ, ಅದೂ ಬೇರೆಯವರ ಕೆಲಸಕ್ಕೆ. ಆದರೂ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿಕೊಂಡು ಗುಬ್ಬಿ, ತುಮಕೂರು, ಕುಣಿಗಲ್ ಎಂದು ಸುತ್ತಿದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ವಿದ್ಯಾರ್ಥಿಗಳು ನನ್ನನ್ನು ಹುಡುಕಿಕೊಂಡು ಬಂದು ಕೇಳಿದ ಪ್ರಶ್ನೆ ಹೆಚ್ಚಾಗಿ ಒಂದೇ: "ಮೇಡಂ, ಮುಂದೆ ಲಾ ಮಾಡ್ಬೇಕು ಅಂತಿದೀನಿ. ಈಗ್ಲಿಂದ ಏನ್ ಮಾಡ್ಬೇಕು?" ಕೇಳುವವರು ಮೊದಲ ವರ್ಷದ ಬಿ.ಎ.ಗೆ ಆಗಷ್ಟೇ ಸೇರಿದವರು. ಸಂವಿಧಾನದ ಪಾಠ ಮಾಡುವವರಿಗೆ ಕಾನೂನೂ ಗೊತ್ತಿರುತ್ತದೆ ಎಂಬುದು ಅವರ ನಂಬಿಕೆ.

ನಾನು ನಿವೃತ್ತಳಾಗಿ ಎರಡು ವರ್ಷವಾಯಿತು. ನನ್ನ ಜಾಗಕ್ಕೆ ಬಂದಿರುವ ಹೊಸ ಅಧ್ಯಾಪಕಿ ಮೊನ್ನೆ ಫೋನ್ ಮಾಡಿ, ಈ ಪ್ರಶ್ನೆಗೆ ನೀವು ಏನು ಉತ್ತರ ಕೊಡುತ್ತಿದ್ದಿರಿ ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕೂತರೆ ನೆನಪಿಗೆ ಬಂದದ್ದು ಉತ್ತರಗಳಲ್ಲ, ಕೇಳಿದವರ ಮುಖಗಳು.

ಮೊದಲು ಕೇಳಿದವನು ಗುಬ್ಬಿಯಲ್ಲಿ ಶಿವಲಿಂಗ ಎಂಬ ಹುಡುಗ. ಅದು ನನ್ನ ಮೊದಲ ಪೋಸ್ಟಿಂಗ್. ಮಠದ ಉಚಿತ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಒಂದೇ ಒಂದು ನೋಟ್ ಪುಸ್ತಕ. ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ನಮ್ಮ ಮನೆತನದಲ್ಲಿ ಯಾರೂ ಕರಿಕೋಟು ಹಾಕಿದವರಲ್ಲ. ಪ್ರಿನ್ಸಿಪಾಲರನ್ನು ಕೇಳಿದೆ. ಅವರು ಗಣಿತದವರು. "ಸಿಲಬಸ್ ಮುಗ್ಸಮ್ಮ ಮೊದ್ಲು. ಅವ್ನು ಲಾಯರ್ ಆಗ್ತಾನೋ ಲಾರಿ ಓಡಿಸ್ತಾನೋ, ಅದು ನಮ್ ಕೆಲಸ ಅಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ. ಅಧ್ಯಾಪಕರ ಕೆಲಸಕ್ಕೆ ಒಂದು ಗಡಿ ಇದೆ ಎಂದು ಅವರು ತಿಳಿದಿದ್ದರು, ಅಷ್ಟೇ.

ನಾನು ಗುಬ್ಬಿಯ ಕೋರ್ಟಿನ ಹತ್ತಿರ ಕಚೇರಿ ಇಟ್ಟಿದ್ದ ವೀರಭದ್ರಪ್ಪ ಎಂಬ ಹಿರಿಯ ವಕೀಲರನ್ನು ಹುಡುಕಿಕೊಂಡು ಹೋದೆ. ಅವರು ನನ್ನನ್ನು ಕಕ್ಷಿದಾರಳೆಂದು ತಿಳಿದು ಬೆಂಚು ತೋರಿಸಿದರು. ವಿಷಯ ಹೇಳಿದ ಮೇಲೆ ಕನ್ನಡಕ ತೆಗೆದಿಟ್ಟರು.

"ಕಾನೂನು ನಾವು ಕಲಿಸ್ಕೊತೀವಿ ಬುಡಿ. ನೀವು ಹುಡುಗ್ರಿಗೆ ಒಂದ್ ಪುಟ ನೆಟ್ಟಗೆ ಬರೆಯೋದು ಕಲಿಸಿ ಸಾಕು. ನನ್ ಜೂನಿಯರ್ ಒಬ್ಬ ಅವ್ನೆ. ಅವ್ನು ಬರೆದ ಅರ್ಜೀಲಿ ಯಾರು ಯಾರ್ಗೆ ಹೊಡೆದ್ರು ಅಂತಾನೇ ಗೊತ್ತಾಗಲ್ಲ. ಹೊಡೆಸ್ಕೊಂಡೋನೇ ಆರೋಪಿ ಆಗ್ಬುಡ್ತಾನೆ."

ಆ ಮಾತನ್ನು ನಾನು ಅಕ್ಷರಶಃ ತೆಗೆದುಕೊಂಡೆ. ಮಾರನೆಯ ವಾರದಿಂದ, ಲಾ ಓದಬೇಕು ಎಂದವರಿಗೆಲ್ಲ ವಾರಕ್ಕೊಂದು ಪುಟ ಬರೆಯಲು ಹೇಳಿದೆ. ಕಣ್ಣಾರೆ ಕಂಡ ಒಂದು ಘಟನೆ. ಯಾರು, ಯಾವಾಗ, ಎಲ್ಲಿ, ಮೊದಲು ಏನಾಯಿತು, ಆಮೇಲೆ ಏನಾಯಿತು. ತಮ್ಮ ಅಭಿಪ್ರಾಯ ಒಂದು ಸಾಲೂ ಇರಬಾರದು. ಸುಲಭ ಎಂದುಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ನಡೆದ ಜಗಳವನ್ನು ಶಿವಲಿಂಗ ಹೀಗೆ ಬರೆದಿದ್ದ: "ಅವನು ಅವನನ್ನು ಅವನ ಮುಂದೆಯೇ ಬೈದನು. ಇದರಿಂದ ಅವನಿಗೆ ಕೋಪ ಬಂದು ಅವನನ್ನು ತಳ್ಳಿದನು." ನಾನು ಅದನ್ನು ತರಗತಿಯಲ್ಲಿ ಓದಿದೆ. ಎಲ್ಲರೂ ನಕ್ಕರು, ಶಿವಲಿಂಗನೂ ನಕ್ಕ. ಆರು ತಿಂಗಳಲ್ಲಿ ಅವನ ಪುಟದಲ್ಲಿ ಒಬ್ಬೊಬ್ಬರಿಗೂ ಹೆಸರು, ಜಾಗ, ಹೊತ್ತು ಎಲ್ಲ ಬಂತು. ಈ ಒಂದು ಅಭ್ಯಾಸವನ್ನು ನಾನು ಕೊನೆಯವರೆಗೂ ಬಿಡಲಿಲ್ಲ.

ಆದರೆ ಶಿವಲಿಂಗ ಲಾ ಓದಲಿಲ್ಲ. ಮೊದಲ ವರ್ಷದ ಅಂಕಗಳನ್ನು ಯಾರೂ ನೋಡುವುದಿಲ್ಲ, ಕೊನೆಯ ವರ್ಷದ್ದೇ ಮುಖ್ಯ ಎಂದು ಹಾಸ್ಟೆಲಿನಲ್ಲಿ ಯಾರೋ ಹೇಳಿದ್ದರಂತೆ. ಅವನು ಅದನ್ನೇ ನಂಬಿ ಮೊದಲ ವರ್ಷವೆಲ್ಲ ಲೈಬ್ರರಿಯಲ್ಲಿ ಕಾನೂನಿನ ಹಳೆಯ ಪುಸ್ತಕಗಳನ್ನು ಓದಿದ, ಪರೀಕ್ಷೆಗೆ ಓದಲಿಲ್ಲ. ಕೊನೆಗೆ ಮೂರು ವರ್ಷ ಸೇರಿಸಿ ಲೆಕ್ಕ ಹಾಕಿದಾಗ, ಆಗಿನ ನಿಯಮದಂತೆ ಪ್ರವೇಶಕ್ಕೆ ಬೇಕಾದ ಸರಾಸರಿಗೆ ಅರ್ಧ ಅಂಕ ಕಡಿಮೆ ಬಿತ್ತು. ಅರ್ಧ ಅಂಕವನ್ನು ಒಂದು ಎಂದು ಎಣಿಸುವ ಪದ್ಧತಿ ಇಲ್ಲ ಎಂದು ಕಾನೂನು ಕಾಲೇಜಿನವರು ಹೇಳಿ ಕಳಿಸಿದರು. ಅವನು ಈಗ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿ. ಚೆನ್ನಾಗಿದ್ದಾನೆ. ಸಂಘದ ಸಭಾ ನಡಾವಳಿಯನ್ನು ಅವನಷ್ಟು ಅಚ್ಚುಕಟ್ಟಾಗಿ ಬರೆಯುವವರು ತಾಲ್ಲೂಕಿನಲ್ಲಿ ಇಲ್ಲವಂತೆ. ಅಂದಿನಿಂದ ನಾನು ಮೊದಲ ದಿನವೇ ಹೇಳುತ್ತಿದ್ದ ಮೊದಲ ಮಾತು: "ಮೊದಲ ವರ್ಷದ ಅಂಕವೂ ಲೆಕ್ಕಕ್ಕೆ ಬರುತ್ತದೆ."

ಗುಬ್ಬಿಯಲ್ಲೇ ನಾನು ಮಾಡಿದ ಇನ್ನೊಂದು ಎಡವಟ್ಟು ಇದೆ. ವಕೀಲಿ ಎಂದರೆ ಏನೆಂದು ಹುಡುಗರು ಕಣ್ಣಿಂದ ನೋಡಲಿ ಎಂದು ಇಪ್ಪತ್ತೈದು ಜನರನ್ನು ಸಾಲು ಹಿಡಿಸಿ ಕೋರ್ಟಿಗೆ ಕರೆದುಕೊಂಡು ಹೋದೆ. ಯಾರಿಗೂ ಮೊದಲೇ ತಿಳಿಸಿರಲಿಲ್ಲ. ಹಿಂದಿನ ಬೆಂಚುಗಳಲ್ಲಿ ಸದ್ದಿಲ್ಲದೆ ಕೂತರು. ಅಷ್ಟರಲ್ಲಿ ವೀರಭದ್ರಪ್ಪನವರು ಎದ್ದು ಸಾಕ್ಷಿಯೊಬ್ಬನನ್ನು ಪ್ರಶ್ನೆ ಕೇಳತೊಡಗಿದರು. ಬಾವಿಯ ಹತ್ತಿರ ನಿಂತು ನೋಡಿದೆ ಎಂದು ಹೇಳಿದ ಸಾಕ್ಷಿ, ನಾಲ್ಕು ಪ್ರಶ್ನೆ ಕಳೆಯುವ ಹೊತ್ತಿಗೆ ಆ ದಿನ ಊರಲ್ಲೇ ಇರಲಿಲ್ಲ ಎಂದು ಒಪ್ಪಿಕೊಂಡುಬಿಟ್ಟ. ನಮ್ಮ ಇಪ್ಪತ್ತೈದು ಜನವೂ ಚಪ್ಪಾಳೆ ತಟ್ಟಿದರು.

ನ್ಯಾಯಾಧೀಶರು ತಲೆ ಎತ್ತಿ, "ಯಾರಿವರು?" ಎಂದರು. ನಾನು ಎದ್ದು ನಿಂತೆ.

"ಕಾಲೇಜಿನವರು ಸರ್. ಲಾ ಓದಬೇಕು ಅಂತಿರೋ ಮಕ್ಕಳು."

"ಇದು ನಾಟಕ ಅಲ್ಲಮ್ಮ. ಆ ಸಾಕ್ಷಿಗೂ ಮನೆ ಮಠ ಇದೆ. ಕರ್ಕೊಂಡು ಹೋಗಿ."

ಮಾರನೆಯ ದಿನ ಪ್ರಿನ್ಸಿಪಾಲರು ಮೆಮೊ ಕೊಟ್ಟರು. ಮೆಮೊ ಮರೆತುಹೋಗಿದೆ, ಆ ಸಾಕ್ಷಿಯ ಮುಖ ಮರೆತಿಲ್ಲ. ಚಪ್ಪಾಳೆ ಕೇಳಿದಾಗ ಅವನು ನಮ್ಮ ಕಡೆ ತಿರುಗಿ ನೋಡಿದ್ದ. ಆಮೇಲೆ ಎಂದೂ ನಾನು ಇಬ್ಬರಿಗಿಂತ ಹೆಚ್ಚು ಜನರನ್ನು ಕರೆದುಕೊಂಡು ಹೋಗಲಿಲ್ಲ, ಹೋಗುವ ಮುಂಚೆ ಅನುಮತಿ ಕೇಳದೆ ಇರಲಿಲ್ಲ.

ಇವೆಲ್ಲ ಸಣ್ಣ ತಪ್ಪುಗಳು. ದೊಡ್ಡದನ್ನು ಈಗ ಬರೆಯುತ್ತೇನೆ.

ಹದಿನೈದು ವರ್ಷಗಳ ಕೆಳಗೆ ನಾನು ತುಮಕೂರಿನಲ್ಲಿದ್ದೆ. ಆಗ ಭಾನುವಾರಗಳಲ್ಲಿ ದೂರಶಿಕ್ಷಣದವರಿಗೆ ಪಾಠ ಮಾಡುವ ಹೆಚ್ಚುವರಿ ಕೆಲಸವಿತ್ತು. ಅಲ್ಲಿಗೆ ಬರುತ್ತಿದ್ದವರು ದುಡಿಯುವವರು. ರತ್ನ ಎಂಬವಳು ಸತ್ಯಮಂಗಲದ ಸಣ್ಣ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ವಯಸ್ಸು ಇಪ್ಪತ್ತಾರಿರಬಹುದು. ಎಸ್ಸೆಸ್ಸೆಲ್ಸಿ ಆದ ಮೇಲೆ ಓದು ನಿಂತಿತ್ತು. ವಯಸ್ಸಿನ ಆಧಾರದ ಮೇಲೆ ಒಂದು ಪ್ರವೇಶ ಪರೀಕ್ಷೆ ಬರೆದು, ಪಿಯುಸಿ ಇಲ್ಲದೆ ನೇರವಾಗಿ ಬಿ.ಎ.ಗೆ ಸೇರಿದ್ದಳು. ಹಾಗೆ ಸೇರಲು ಅಲ್ಲಿ ಅವಕಾಶವಿತ್ತು. ಮೊದಲ ಭಾನುವಾರವೇ ಪಾಠ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದಳು.

"ಮೇಡಂ, ಈ ಡಿಗ್ರಿ ಮುಗ್ಸಿ ಲಾ ಮಾಡ್ಬೋದಾ?"

"ಯಾಕಾಗಲ್ಲ? ಡಿಗ್ರಿ ಅಂದ್ರೆ ಡಿಗ್ರಿನೇ. ಆರಾಮಾಗಿ ಮಾಡ್ಬೋದು" ಎಂದೆ.

ನೋಡಿ ಹೇಳುತ್ತೇನೆ ಎನ್ನಲಿಲ್ಲ. ನಿಯಮದ ಪುಸ್ತಕ ತೆರೆಯಲಿಲ್ಲ. ಬಸ್ಸಿನ ಹೊತ್ತಾಗಿತ್ತು, ನಾನು ಚೀಲಕ್ಕೆ ಪುಸ್ತಕ ತುಂಬಿಕೊಳ್ಳುತ್ತಲೇ ಆ ಮಾತು ಹೇಳಿದೆ.

ಅವಳಿಗೆ ಲಾ ಯಾಕೆ ಬೇಕಿತ್ತು ಎಂದರೆ, ಅವಳ ಅಕ್ಕನದೊಂದು ಜೀವನಾಂಶದ ಕೇಸು ನಡೆಯುತ್ತಿತ್ತು. ಪ್ರತಿ ಸಲ ಅಕ್ಕನ ಜೊತೆ ಇವಳೂ ಕೋರ್ಟಿಗೆ ಹೋಗುತ್ತಿದ್ದಳು. ಇವತ್ತು ಏನಾಯಿತು ಎಂದು ವಕೀಲರನ್ನು ಕೇಳಿದರೆ "ಮುಂದಕ್ಕೆ ಹೋಯ್ತು" ಎನ್ನುವುದೊಂದೇ ಉತ್ತರ. ಯಾಕೆ ಹೋಯಿತು, ಮುಂದಿನ ಸಲ ಏನಾಗಬೇಕು ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. "ಗೊತ್ತಿದ್ದವರು ಹೇಳಲ್ಲ ಮೇಡಂ. ಅದಕ್ಕೆ ನಾನೇ ತಿಳ್ಕೊಂಡ್ಬಿಡೋಣ ಅಂತ" ಎಂದಿದ್ದಳು.

ಮೂರು ವರ್ಷ ಅವಳು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಒಳ್ಳೆಯ ಅಂಕ ತೆಗೆದು ಪಾಸಾದಳು. ಕಾರ್ಖಾನೆಗೆ ರಜೆ ಹಾಕಿ ಕಾನೂನು ಕಾಲೇಜಿಗೆ ಅರ್ಜಿ ತೆಗೆದುಕೊಂಡು ಹೋದಳು. ಕೌಂಟರಿನಲ್ಲಿದ್ದವರು ಕಾಗದಗಳನ್ನು ಒಂದೊಂದಾಗಿ ನೋಡಿ, "ಪಿಯುಸಿ ಮಾರ್ಕ್ಸ್ ಕಾರ್ಡ್ ಎಲ್ಲಿ?" ಎಂದು ಕೇಳಿದರು. ಪಿಯುಸಿ ಇಲ್ಲದೆ ನೇರವಾಗಿ ಪಡೆದ ಪದವಿಯ ಮೇಲೆ ಲಾ ಪ್ರವೇಶ ಕೊಡಲು ಬರುವುದಿಲ್ಲ ಎಂದು ಹೇಳಿ ಅರ್ಜಿ ವಾಪಸು ಕೊಟ್ಟರು.

ಮುಂದಿನ ಭಾನುವಾರ ಬೆಳಿಗ್ಗೆ ರತ್ನ ನಮ್ಮ ಮನೆಗೆ ಬಂದಳು. ಕೈಯಲ್ಲಿ ಅದೇ ಅರ್ಜಿ. ನಾನು ಕಾಫಿ ಕೊಟ್ಟೆ, ಕುಡಿಯಲಿಲ್ಲ. ಅದು ತಪ್ಪಿರಬೇಕು, ಕೌಂಟರಿನವರಿಗೆ ಗೊತ್ತಿಲ್ಲದೆ ಹೇಳಿರುತ್ತಾರೆ ಎಂದು ನಾನು ಸಮಾಧಾನ ಹೇಳಿದೆ. ಸೋಮವಾರ ಅವಳ ಜೊತೆ ನಾನೇ ಹೋದೆ. ಅಲ್ಲಿನ ಪ್ರಾಂಶುಪಾಲರು ತಾಳ್ಮೆಯಿಂದ ನಿಯಮದ ಪುಸ್ತಕ ತೆಗೆದು ಸಾಲಿನ ಮೇಲೆ ಬೆರಳಿಟ್ಟರು. ಓದಿದೆ. ಇನ್ನೊಂದು ಸಲ ಓದಿದೆ. ಅನುಮಾನಕ್ಕೆ ಜಾಗವಿರಲಿಲ್ಲ.

"ನಿಯಮ ನಾನು ಮಾಡಿದ್ದಲ್ಲ ಮೇಡಂ. ಸೇರಿಸ್ಕೊಂಡ್ರೂ ನಾಳೆ ವಕೀಲಿ ಮಾಡೋ ಸನ್ನದು ಕೊಡೋವಾಗ ತಡೀತಾರೆ. ಆವಾಗ ಇನ್ನೂ ಮೂರು ವರ್ಷ ಹೋಗಿರುತ್ತೆ" ಎಂದರು ಅವರು. ಅದು ಸತ್ಯವಾದ ಮಾತು.

ಹೊರಗೆ ಬಂದು ಮರದ ಕೆಳಗೆ ನಿಂತೆವು. ನಾನು ಕ್ಷಮಿಸು ಎಂದು ಹೇಳಬೇಕಿತ್ತು. ಬದಲಿಗೆ, "ನಂಗೂ ಗೊತ್ತಿರಲಿಲ್ಲ ರತ್ನ" ಎಂದೆ.

"ನಿಮ್ಮನ್ನ ಬೈಯಕ್ಕೆ ಬಂದಿಲ್ಲ ಮೇಡಂ" ಎಂದಳು. "ಆದ್ರೆ ಗೊತ್ತಿಲ್ಲ ಅಂತ ಅವತ್ತೇ ಹೇಳಿದ್ರೆ ನಾನು ಬೇರೆ ಯಾರನ್ನಾದ್ರೂ ಕೇಳ್ತಿದ್ದೆ. ನೀವು ಹೇಳಿದ್ಮೇಲೆ ಇನ್ನು ಯಾರನ್ನ ಕೇಳೋದು ಅಂತ ಸುಮ್ನಾದೆ."

ಕಾಲೇಜಿಗೆ ಹೋಗಿ ನಮ್ಮ ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ಬರೆದು ಕೊಟ್ಟಿದ್ರಾ?" ಇಲ್ಲ, ಬಾಯಿಮಾತು ಎಂದೆ. "ಹಂಗಾದ್ರೆ ಬಿಡಿ. ನಿಮ್ಗೇನೂ ತೊಂದ್ರೆ ಆಗಲ್ಲ." ಅವರು ನನ್ನ ಒಳ್ಳೆಯದಕ್ಕೇ ಹೇಳಿದರು. ತೊಂದರೆ ಆಗಲೂ ಇಲ್ಲ.

ರತ್ನ ಬಿಡಲಿಲ್ಲ. ಪಿಯುಸಿಯನ್ನು ಖಾಸಗಿಯಾಗಿ ಕಟ್ಟಿ ಬರೆದಳು. ಆ ಎರಡು ವರ್ಷ ನಾನು ಅವಳಿಗೆ ಇಂಗ್ಲಿಷ್, ಅರ್ಥಶಾಸ್ತ್ರ ಹೇಳಿಕೊಟ್ಟೆ. ಪಾಸಾದಳು. ಪಿಯುಸಿಗೆ ಮುಂಚೆ ಪಡೆದ ಪದವಿ ಲೆಕ್ಕಕ್ಕೆ ಬರುವುದಿಲ್ಲ, ಇನ್ನು ಪದವಿಯನ್ನು ಮೊದಲಿಂದ ಮಾಡಬೇಕು. ನಾನೇ ಅರ್ಜಿ ತಂದಿಟ್ಟೆ. ಅವಳು ಅದನ್ನು ನೋಡಿ ಮೇಜಿನ ಮೇಲೆ ಮಡಚಿಟ್ಟಳು.

"ಅದೇ ಪಾಠ ಇನ್ನೊಂದ್ ಸಲ ಮೂರ್ ವರ್ಷ ಕೇಳಕ್ಕೆ ನನ್ ಕೈಲಾಗಲ್ಲ ಮೇಡಂ. ಸಾಕು."

ಅಲ್ಲಿಗೆ ಅವಳು ಲಾ ಆಸೆ ಬಿಟ್ಟಳು. ಮುಂದೆ ಕಾನೂನು ನೆರವಿನ ತರಬೇತಿ ಪಡೆದು ಸ್ವಯಂಸೇವಕಿಯಾದಳು. ನೋಟಿಸು ಹಿಡಿದುಕೊಂಡು ದಿಕ್ಕು ತೋಚದೆ ಬರುವ ಹೆಂಗಸರಿಗೆ ಅದರಲ್ಲಿ ಏನಿದೆ, ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು ಎಂದು ಬಿಡಿಸಿ ಹೇಳುವ ಕೆಲಸ. ಅದನ್ನು ಚೆನ್ನಾಗಿ ಮಾಡುತ್ತಾಳೆಂದು ಕೇಳಿದ್ದೇನೆ. ಅದರಿಂದ ನನ್ನ ತಪ್ಪು ಸಣ್ಣದಾಗುವುದಿಲ್ಲ. ಅವಳು ವಕೀಲೆಯಾಗಬಹುದಿತ್ತು. ಆಗದೆ ಹೋದದ್ದಕ್ಕೆ ಕಾರಣಗಳಲ್ಲಿ ನಾನೂ ಒಬ್ಬಳು.

ನನ್ನ ಕೆಲಸದ ರೀತಿ ಅಲ್ಲಿಂದ ಬದಲಾಯಿತು. ಯಾರೇ ಬಂದು ಕೇಳಿದರೂ ಮೊದಲು ಅವರ ಹತ್ತನೆಯ ತರಗತಿಯಿಂದ ಇಲ್ಲಿಯವರೆಗಿನ ಕಾಗದಗಳನ್ನು ತರಿಸಿ ಸಾಲಾಗಿ ಇಡಿಸುತ್ತಿದ್ದೆ. ಹೆಸರಿನ ಅಕ್ಷರ ಎಲ್ಲದರಲ್ಲೂ ಒಂದೇ ಇದೆಯೇ, ಹುಟ್ಟಿದ ದಿನ ಒಂದೇ ಇದೆಯೇ ಎಂದು ನೋಡುತ್ತಿದ್ದೆ. ಆ ವರ್ಷದ ನಿಯಮವನ್ನು ಮೂಲದಲ್ಲೇ ಓದಿ, ತಿಳಿಯದಿದ್ದರೆ ಕಾನೂನು ಕಾಲೇಜಿಗೆ ಕಾಗದ ಬರೆದು ಕೇಳುತ್ತಿದ್ದೆ. ಮೊದಲ ವರ್ಷದಲ್ಲೇ ಗೊತ್ತಾದರೆ ಬಹುಪಾಲು ತಪ್ಪುಗಳನ್ನು ಸರಿಮಾಡಬಹುದು, ಮೂರನೆಯ ವರ್ಷದಲ್ಲಿ ಆಗುವುದಿಲ್ಲ. "ಗೊತ್ತಿಲ್ಲ, ಶುಕ್ರವಾರ ಬಾ, ನೋಡಿ ಹೇಳ್ತೀನಿ" ಎಂಬ ಮಾತು ರೂಢಿಯಾಯಿತು. ಕೆಲವು ಹುಡುಗರು ಹಿಂದಿನಿಂದ ನನ್ನನ್ನು "ಶುಕ್ರವಾರದ ಮೇಡಂ" ಎನ್ನುತ್ತಿದ್ದರು. ನನಗೆ ಬೇಸರವಿರಲಿಲ್ಲ.

ಕುಣಿಗಲ್ಲಿಗೆ ಬರುವ ಹೊತ್ತಿಗೆ ಕಾಲ ಬೇರೆಯಾಗಿತ್ತು. ಮೊದಲೆಲ್ಲ ಒಂದು ಪ್ರಾಸ್ಪೆಕ್ಟಸ್ ತರಿಸಲು ಹದಿನೈದು ದಿನ ಬೇಕಿತ್ತು. ಈಗ ಎಲ್ಲವೂ ಮೊಬೈಲಿನಲ್ಲಿದೆ, ಆದರೆ ಅದರಲ್ಲಿ ಅರ್ಧ ತಪ್ಪು. ಒಬ್ಬ ಹುಡುಗಿ ಕಾಲೇಜು ಶುರುವಾದ ಎರಡನೆಯ ವಾರವೇ ಅಳುತ್ತಾ ಬಂದಳು. "ಲೇಟಾಗೋಯ್ತಂತೆ ಮೇಡಂ. ಪಿಯುಸಿಲೇ ಎಂಟ್ರೆನ್ಸ್ ಬರೀಬೇಕಿತ್ತಂತೆ. ಇನ್ನು ಲಾ ಸಿಗಲ್ಲ ಅಂತ ವಿಡಿಯೋದಲ್ಲಿ ಹೇಳ್ತಾವ್ರೆ." ಪಿಯುಸಿ ಆದ ಮೇಲೆ ಸೇರುವ ಐದು ವರ್ಷದ ಕೋರ್ಸು ಒಂದು, ಪದವಿ ಆದ ಮೇಲೆ ಸೇರುವ ಮೂರು ವರ್ಷದ ಕೋರ್ಸು ಇನ್ನೊಂದು, ಎರಡರಿಂದಲೂ ಹಾಕುವುದು ಒಂದೇ ಕರಿಕೋಟು ಎಂದು ಹೇಳಿದ ಮೇಲೆ ಮುಖ ಒರೆಸಿಕೊಂಡಳು. ಮುಂಚೆ ಮಕ್ಕಳಿಗೆ ಏನೂ ಗೊತ್ತಿಲ್ಲವೆಂದು ಹೇಳಿಕೊಡುತ್ತಿದ್ದೆ. ಈಗ ತಪ್ಪಾಗಿ ತಿಳಿದುಕೊಂಡಿರುವುದನ್ನು ಮರೆಸುವುದೇ ಕೆಲಸವಾಯಿತು.

ನನ್ನ ಸೇವೆಯ ಕೊನೆಯ ಮೂರು ವರ್ಷಗಳಲ್ಲಿ ನೆನಪಿಡಬೇಕಾದವಳು ಚೈತ್ರಾ. ಹುಲಿಯೂರುದುರ್ಗದ ಕಡೆಯವಳು. ಅವಳ ತಂದೆ ಹುಲಿಯೂರುದುರ್ಗ ಮತ್ತು ಕುಣಿಗಲ್ ನಡುವೆ ಖಾಸಗಿ ಬಸ್ಸು ಓಡಿಸುತ್ತಿದ್ದರು. ಹಾಜರಿ ಕೂಗಿದಾಗ ಅವಳು ಬಾಯಿ ತೆರೆಯದೆ ಕೈ ಎತ್ತುತ್ತಿದ್ದಳು. ಸೊಕ್ಕು ಎಂದುಕೊಂಡು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಪಾಠ ಮುಗಿದ ಮೇಲೆ ಬಂದು ಒಂದು ಚೀಟಿ ಕೊಟ್ಟಳು. "ಲಾ ಓದಲು ಈಗಿನಿಂದ ಏನು ಮಾಡಬೇಕು?" ಎಂದು ದುಂಡಗೆ ಬರೆದಿತ್ತು.

"ಬಾಯಲ್ಲೇ ಕೇಳಬಹುದಲ್ಲಮ್ಮ" ಎಂದೆ.

ಅವಳು ಕೇಳಿದಳು. ಮೊದಲ ಪದ ಹೊರಬರಲು ಬಹಳ ಹೊತ್ತು ಹಿಡಿಯಿತು. ಕತ್ತಿನ ನರ ಬಿಗಿದು, ಕಣ್ಣು ಮುಚ್ಚಿ, ಅದೇ ಅಕ್ಷರದ ಮೇಲೆ ನಿಂತು ನಿಂತು ಮುಂದಕ್ಕೆ ಹೋದಳು. ಉಗ್ಗು. ಆ ಹೊತ್ತಿನಲ್ಲಿ ನನ್ನ ಮನಸ್ಸಿಗೆ ಬಂದ ಮಾತು, ಈ ಹುಡುಗಿಗೆ ಬೇರೆ ದಾರಿ ತೋರಿಸಬೇಕು ಎಂಬುದು. ಬಾಯಿಗೆ ಬರಗೊಡಲಿಲ್ಲ. ಅದು ಕರುಣೆಯೂ ಅಲ್ಲ, ಧೈರ್ಯವೂ ಅಲ್ಲ. ಗೊತ್ತಿಲ್ಲದ್ದನ್ನು ಹೇಳಬಾರದು ಎಂಬ ಅಭ್ಯಾಸ ಅಷ್ಟೇ. ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. ಕಾಗದ ತಾ, ಮೊದಲ ಸೆಮಿಸ್ಟರಿನಿಂದ ಅಂಕ ಕಾಪಾಡಿಕೋ, ವಾರಕ್ಕೊಂದು ಪುಟ ಬರೆ, ಇಂಗ್ಲಿಷ್ ಪೇಪರಿನ ಒಂದು ಸುದ್ದಿಯನ್ನು ದಿನಾ ಕನ್ನಡದಲ್ಲಿ ಹೇಳಿ ನೋಡು.

ಅವಳು ಬರೆದ ಮೊದಲ ಪುಟದಿಂದಲೇ ಅವಳ ಉದ್ದೇಶ ನನಗೆ ತಿಳಿಯಿತು. ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಗ ತಂದೆಯ ಬಸ್ಸಿಗೆ ಒಂದು ಸಣ್ಣ ಅಪಘಾತವಾಗಿತ್ತು. ಲೈಸೆನ್ಸ್ ಅಮಾನತು ಮಾಡಬಾರದೇಕೆ ಎಂದು ಕೇಳಿ ಒಂದು ನೋಟಿಸು ಬಂತು, ಇಂಗ್ಲಿಷಿನಲ್ಲಿ. ಮನೆಯವರು ಅದನ್ನು ದೇವರ ಫೋಟೋ ಹಿಂದೆ ಇಟ್ಟರು. ಉತ್ತರ ಕೊಡುವ ಗಡುವು ಮುಗಿದುಹೋಯಿತು, ಆರು ತಿಂಗಳು ತಂದೆ ಬಸ್ಸು ಮುಟ್ಟುವಂತಿರಲಿಲ್ಲ. ಪುಟದ ಕೊನೆಯಲ್ಲಿ ಹೀಗಿತ್ತು: "ನೋಟಿಸು ಬಂದ ದಿನವೇ ನಾನು ಅದನ್ನು ಓದಿದ್ದೆ. ಹದಿನೈದು ದಿನದೊಳಗೆ ಉತ್ತರ ಕೊಡಬೇಕು ಎಂದು ಅದರಲ್ಲಿತ್ತು. ಹೇಳಲು ಹೋದೆ. ನಾನು ಹೇಳಿ ಮುಗಿಸುವವರೆಗೆ ಯಾರೂ ನಿಲ್ಲಲಿಲ್ಲ." ಅಭಿಪ್ರಾಯದ ಸಾಲು ಒಂದೂ ಇರಲಿಲ್ಲ. ನಾನು ಅದನ್ನು ತರಗತಿಯಲ್ಲಿ ಓದಲಿಲ್ಲ.

ಒಂದು ಮಧ್ಯಾಹ್ನ ಅವಳ ತಂದೆ ಸ್ಟಾಫ್ ರೂಮಿಗೆ ಬಂದರು. ಖಾಕಿ ಅಂಗಿಯಲ್ಲೇ ಇದ್ದರು, ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತ್ತು.

"ಮೇಡಂ, ನಾನು ಓದ್ದೋನಲ್ಲ. ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕಬೇಡಿ. ಮಾತೇ ಬಂಡವಾಳ ಆಗಿರೋ ಕೆಲ್ಸಕ್ಕೆ ನಮ್ ಮಗೀನ ಯಾಕ್ ಕಳಿಸ್ತೀರಿ? ನಾಕ್ ಜನರ ಮುಂದೆ ನಿಂತ್ಕಂಡು ನಗೆಪಾಟ್ಲಾಗ್ಲಿ ಅಂತ್ಲಾ?"

"ನಾನು ಕಳಿಸ್ತಿಲ್ಲ ಸ್ವಾಮಿ. ಅವಳು ಹೋಗ್ತೀನಿ ಅಂತಾಳೆ. ದಾರಿ ಕೇಳಿದಳು, ಹೇಳ್ತಿದೀನಿ."

"ನಿಮ್ಗೆ ಏನನ್ಸುತ್ತೆ, ಅದ್ ಹೇಳಿ. ಅವ್ಳ ಕೈಲಾಗುತ್ತಾ?"

"ಗೊತ್ತಿಲ್ಲ" ಎಂದೆ.

ಅವರು ಬಸ್ಸಿನ ಕಡೆ ಹೊರಟುಹೋದರು. ಅವರಿಗೆ ಆ ಉತ್ತರ ಹಿಡಿಸಲಿಲ್ಲ. ನನಗೂ ಹಿಡಿಸಿರಲಿಲ್ಲ, ಏಕೆಂದರೆ ಅದು ಪೂರ್ತಿ ನಿಜವಾಗಿರಲಿಲ್ಲ. ಆಗಲಾರದು ಎಂದೇ ನಾನು ಅಂದುಕೊಂಡಿದ್ದೆ.

ಎರಡನೆಯ ಸೆಮಿಸ್ಟರಿನಲ್ಲಿ ಅವಳನ್ನು ಕುಣಿಗಲ್ ಕೋರ್ಟಿಗೆ ಕರೆದುಕೊಂಡು ಹೋದೆ. ಕುಣಿಗಲ್ ಕಾಲೇಜಿನ ನಮ್ಮ ಪ್ರಿನ್ಸಿಪಾಲರು ನಾನು ಕಂಡವರಲ್ಲಿ ಒಳ್ಳೆಯವರು. "ಅಟೆಂಡೆನ್ಸ್ ನಾನ್ ನೋಡ್ಕೊತೀನಿ, ಹೋಗ್ಬನ್ನಿ" ಎಂದಿದ್ದರು. ಅನುಮತಿ ಪಡೆದು ಹಿಂದಿನ ಬೆಂಚಿನಲ್ಲಿ ಕೂತೆವು. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಒಂದಾದ ಮೇಲೊಂದು ಕೇಸು ಕೂಗಿದರು. ಒಬ್ಬರು ಎದ್ದು "ಕಾಲಾವಕಾಶ ಬೇಕು" ಎಂದರು. ಇನ್ನೊಬ್ಬರು "ಸಾಕ್ಷಿ ಬಂದಿಲ್ಲ" ಎಂದರು. ಮತ್ತೊಬ್ಬರು ಕಾಗದ ಕೊಟ್ಟು ತಲೆ ಬಾಗಿಸಿ ಹೋದರು. ನನಗೆ ಮುಜುಗರವಾಯಿತು, ಇದನ್ನು ನೋಡಲು ಹುಡುಗಿಯ ಒಂದು ದಿನ ಹಾಳು ಮಾಡಿದೆನೇ ಎಂದು. ಅವಳು ಮಾತ್ರ ಪುಸ್ತಕದಲ್ಲಿ ಏನೋ ಗೀಟು ಹಾಕಿಕೊಳ್ಳುತ್ತಿದ್ದಳು. ಹೊರಗೆ ಬಂದ ಮೇಲೆ ತೋರಿಸಿದಳು. ಯಾರು ಎಷ್ಟು ಪದ ಮಾತಾಡಿದರು ಎಂದು ಎಣಿಸಿದ್ದಳು.

"ಇ... ಇಷ್ಟು ಮಾತು ನಂಗೂ ಬರುತ್ತೆ ಮೇಡಂ" ಎಂದಳು. ಅಂದು ಅವಳು ನಕ್ಕದ್ದನ್ನು ಮೊದಲ ಸಲ ನೋಡಿದೆ. ಆಮೇಲೆ ಗಂಭೀರವಾಗಿ, "ಮಿಕ್ಕಿದ್ದೆಲ್ಲ ಬ... ಬರವಣಿಗೆ" ಎಂದಳು.

ಮೂರು ವರ್ಷ ಅವಳು ಬರೆದ ಪುಟಗಳು ನೂರಕ್ಕೆ ಹತ್ತಿರವಾದವು. ಅಂಕಗಳು ಚೆನ್ನಾಗಿಯೇ ಇದ್ದವು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮಾತಿನ ತರಬೇತಿಗೂ ಹೋಗಿ ಬಂದಳು. ಉಗ್ಗು ಹೋಗಲಿಲ್ಲ, ಉಗ್ಗಿದಾಗ ಕಣ್ಣು ಮುಚ್ಚುವುದು ನಿಂತಿತು. ಎದುರಿನವರನ್ನು ನೋಡಿಕೊಂಡೇ ಕಾಯುವುದನ್ನು ಕಲಿತಳು.

ಕಾನೂನು ಕಾಲೇಜಿನ ಅರ್ಜಿ ಹಿಡಿದು ಅವಳು ಬಂದದ್ದು ನಾನು ನಿವೃತ್ತಳಾಗುವ ತಿಂಗಳು. ಕಾಗದಗಳೆಲ್ಲ ಸಾಲಾಗಿ, ನಕಲುಗಳ ಸಮೇತ. ನಾನು ಒಂದೊಂದನ್ನೇ ನೋಡಿದೆ. ತಪ್ಪಿರಲಿಲ್ಲ. ಎತ್ತಿ ಕೊಡುವಾಗ ಇನ್ನು ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು.

"ಚೈತ್ರಾ, ಒಂದ್ ಮಾತು ಹೇಳ್ಬೇಕು. ನೀನು ಮೊದಲ ದಿನ ಬಂದಾಗ, ಇದು ನಿನ್ ಕೈಲಾಗಲ್ಲ ಅಂತ ಅಂದ್ಕೊಂಡಿದ್ದೆ. ನಿಮ್ಮಪ್ಪ ಕೇಳಿದಾಗ್ಲೂ ಹಾಗೇ ಅಂದ್ಕೊಂಡಿದ್ದೆ."

ಅವಳಿಗೆ ಆಶ್ಚರ್ಯವಾಗಲಿಲ್ಲ.

"ಗೊ... ಗೊತ್ತಿತ್ತು ಮೇಡಂ. ಮುಖದಲ್ಲೇ ಕಾಣ್ತಿತ್ತು. ಎಲ್ರೂ ಅಂದ್ಕೊಂಡ್ರು. ನೀವೊಬ್ರು ಬಾಯಿಬಿಟ್ಟು ಹೇಳ್ಲಿಲ್ಲ. ಅದಕ್ಕೇ ಬರ್ತಿದ್ದೆ."

ಅವಳಿಗೆ ತುಮಕೂರಿನಲ್ಲಿ ಸೀಟು ಸಿಕ್ಕಿತು. ಮನೆಯಿಂದಲೇ ಓಡಾಡುತ್ತಾಳೆ, ಕುಣಿಗಲ್ಲಿನವರೆಗೆ ಅಪ್ಪನ ಬಸ್ಸು. ಈಗ ಎರಡನೆಯ ವರ್ಷ. ಹೋದ ತಿಂಗಳು ಒಂದು ಸಂಜೆ ಫೋನ್ ಮಾಡಿದಳು. ಕಾಲೇಜಿನಲ್ಲಿ ಅಣಕು ನ್ಯಾಯಾಲಯವಿತ್ತಂತೆ. ವಿದ್ಯಾರ್ಥಿಗಳೇ ವಕೀಲರಾಗಿ ವಾದಿಸುವ ಸ್ಪರ್ಧೆ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಅವಳ ವಾದದ ಬರವಣಿಗೆಗೆ ಬಹುಮಾನ ಬಂತು, ಮಾತಿನಲ್ಲಿ ಸೋತಳು.

"ಏನಾಯ್ತು?" ಎಂದೆ.

"ನಾಲ್ಕು ಪಾಯಿಂಟ್ ಇತ್ತು ಮೇಡಂ. ಮೂರು ಮುಗಿಯೋ ಹೊತ್ತಿಗೆ ಗಂಟೆ ಹೊಡೆದ್ರು. ಜಡ್ಜ್ ಆಗಿ ಕೂತಿದ್ದೋರು, ಸಾಕು, ಕೂತ್ಕೊಳಮ್ಮ ಅಂದ್ರು."

"ಕೂತ್ಕೊಂಡ್ಯಾ?"

ಆ ಕಡೆಯಿಂದ ಸದ್ದಿಲ್ಲ. ಪದ ಬರುತ್ತಿದೆ ಎಂದು ಗೊತ್ತಿತ್ತು. ಕಾದೆ.

"ಇಲ್ಲ ಮೇಡಂ. ಅಂಕ ಕ... ಕಳೀರಿ, ಆದ್ರೆ ನಾಲ್ಕನೇದು ಕೇಳಿ ಅಂದೆ. ಕೇಳಿದ್ರು. ಪೂರ್ತಿ ಹೇಳಿ ಕೂತ್ಕೊಂಡೆ."